ಶಾಲಾ ಗೀತನಾಟಕ: ಮಿತಿ, ಮೇಳ ಮತ್ತು ಕನ್ನಡ ವಿಭಾಗಗಳ ಹೊಣೆ

ಕನ್ನಡದಲ್ಲಿ ಮಕ್ಕಳ ನಾಟಕದ ಚರ್ಚೆ ಎರಡು ನೆಲೆಗಳಲ್ಲಿ ನಡೆಯುತ್ತ ಬಂದಿದೆ. ಒಂದು, ವಿಶ್ವವಿದ್ಯಾಲಯಗಳ ಸಂಶೋಧನೆಯ ನೆಲೆ. ಅಲ್ಲಿ ಅದು ಮಕ್ಕಳ ಸಾಹಿತ್ಯವನ್ನು ಕುರಿತ ಅಧ್ಯಾಯದ ಕೊನೆಯ ಉಪಶೀರ್ಷಿಕೆ. ಇನ್ನೊಂದು, ವಾರ್ಷಿಕೋತ್ಸವ ಹತ್ತಿರ ಬಂದಾಗ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ನಡೆಯುವ ಲೆಕ್ಕಾಚಾರದ ನೆಲೆ. ಅಲ್ಲಿ ಅದು ಎಷ್ಟು ಮಕ್ಕಳಿದ್ದಾರೆ, ಉಡುಪಿನ ಬಾಡಿಗೆ ಎಷ್ಟು, ಧ್ವನಿವರ್ಧಕದವನಿಗೆ ಕೊಡುವುದೆಷ್ಟು ಎಂಬ ಪ್ರಶ್ನೆ. ಮೊದಲನೆಯ ನೆಲೆಗೆ ಎರಡನೆಯದು ಕೇವಲ ವ್ಯವಹಾರವಾಗಿ ಕಾಣುತ್ತದೆ. ಎರಡನೆಯದಕ್ಕೆ ಮೊದಲನೆಯದರಿಂದ ಯಾವ ಪ್ರಯೋಜನವೂ ಇಲ್ಲ. ಈ ಅಂತರ ಹೆಚ್ಚು ನಷ್ಟ ಉಂಟುಮಾಡಿರುವುದು ಗೀತನಾಟಕಕ್ಕೆ. ಓದುವ ಪಠ್ಯವಾಗಿ ಅದು ಅರ್ಧ ಮಾತ್ರ ಇರುತ್ತದೆ. ಉಳಿದರ್ಧ ಮಟ್ಟಿನಲ್ಲಿ, ಲಯದಲ್ಲಿ, ಹಾಡುವ ಮಗುವಿನ ಕೊರಳಿನಲ್ಲಿ ಇರುತ್ತದೆ.

ಕಡಿಮೆ ಮಕ್ಕಳು, ಕಡಿಮೆ ಹಣ ಎಂಬ ಮಿತಿಯಲ್ಲಿ ಗೀತನಾಟಕವಾಡುವುದು ಶಾಲೆಗಳ ಆಡಳಿತದ ಸಮಸ್ಯೆ ಮಾತ್ರವಲ್ಲ, ಕನ್ನಡ ಸಾಹಿತ್ಯಾಧ್ಯಯನದ ಸಮಸ್ಯೆಯೂ ಹೌದು ಎಂಬುದು ಪ್ರಸ್ತುತ ಲೇಖನದ ನಿಲುವು. ಮಿತಿಯೊಳಗೆ ಆಡುವ ಒಂದು ವ್ಯಾಕರಣವನ್ನು ಕನ್ನಡ ರಂಗಪರಂಪರೆ ಬಹಳ ಹಿಂದೆಯೇ ರೂಪಿಸಿಕೊಂಡಿದೆ. ಆ ವ್ಯಾಕರಣವನ್ನು ಗುರುತಿಸಿ, ದಾಖಲಿಸಿ, ಶಾಲೆಗೆ ತಲುಪಿಸುವ ಕೆಲಸವನ್ನು ಮಾಡಬೇಕಾದವರು ಮಾಡಿಲ್ಲ.

ಎರಡು ಪರಂಪರೆಗಳು

ಶಾಲಾ ರಂಗಭೂಮಿಗೆ ಕನ್ನಡದಲ್ಲಿ ಎರಡು ಮಾದರಿಗಳು ಲಭ್ಯವಿವೆ. ಒಂದು ವೃತ್ತಿನಾಟಕ ಕಂಪನಿಗಳ ವೈಭವದ ಮಾದರಿ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ' ನಾಟಕಕ್ಕಾಗಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಸಂಗತಿ. ಪರದೆ, ಝಗಝಗಿಸುವ ಉಡುಪು, ಕಣ್ಣು ಕೋರೈಸುವ ಬೆಳಕು ಈ ಮಾದರಿಯ ಲಕ್ಷಣಗಳು. ಟಿಕೆಟ್ಟಿನ ಹಣದಿಂದ ನಡೆಯುವ ಕಂಪನಿಗೆ ಅದು ಅನಿವಾರ್ಯವೂ ಆಗಿತ್ತು.

ಇನ್ನೊಂದು ಮೇಳದ ಮಾದರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು ಮತ್ತು ಅರ್ಥಧಾರಿಗಳ ಮಾತಿನಲ್ಲೇ ರಾಮಾಯಣ ಮಹಾಭಾರತಗಳ ಪ್ರಸಂಗಗಳು ನಿಲ್ಲುತ್ತವೆ. ಮಳೆಗಾಲದಲ್ಲಿ ದೊಡ್ಡ ಮೇಳಗಳ ತಿರುಗಾಟ ನಿಂತಾಗ ಕರಾವಳಿಯಲ್ಲಿ ಮನೆಮನೆಗೆ ಹೋಗುವ ಚಿಕ್ಕಮೇಳವನ್ನು ಗಮನಿಸಬೇಕು. ಭಾಗವತ, ಮದ್ದಳೆ, ಚೆಂಡೆ, ಒಂದೆರಡು ವೇಷ. ಇಷ್ಟರಲ್ಲೇ ಪ್ರಸಂಗದ ಒಂದು ಭಾಗವನ್ನು ಮನೆಯ ಚಾವಡಿಯಲ್ಲಿ ಆಡಿ ಮುಂದಿನ ಮನೆಗೆ ಹೋಗುತ್ತಾರೆ. ಅಲ್ಲಿ ಕಲಾವಿದರ ಸಂಖ್ಯೆ ಕಡಿಮೆಯಾಯಿತೆಂದು ಕಥೆ ಕುಗ್ಗುವುದಿಲ್ಲ. ಕಥೆಯನ್ನು ಹೊರುವ ಭಾರ ವೇಷದಿಂದ ಹಾಡಿಗೆ ವರ್ಗವಾಗುತ್ತದೆ.

ಶಾಲೆಗಳ ವಾರ್ಷಿಕೋತ್ಸವ ಅನುಸರಿಸುತ್ತಿರುವುದು ಹೆಚ್ಚಾಗಿ ಮೊದಲನೆಯ ಮಾದರಿಯನ್ನು, ಅದೂ ಅದರ ಪ್ರಾಣವಾಗಿದ್ದ ಅಂಶವನ್ನು ಬಿಟ್ಟು. ಕಂಪನಿ ನಾಟಕದ ನಟ ಹಾಡುತ್ತಿದ್ದ. ಹಾಡು ಬಾರದವನಿಗೆ ಮುಖ್ಯಪಾತ್ರ ಸಿಗುವುದೇ ಕಷ್ಟವಿತ್ತು. ಇಂದಿನ ಶಾಲಾ ವೇದಿಕೆಯಲ್ಲಿ ಹಾಡು ಪೆಟ್ಟಿಗೆಯಿಂದ ಬರುತ್ತದೆ, ಮಗು ತುಟಿ ಆಡಿಸುತ್ತದೆ ಅಥವಾ ಅದನ್ನೂ ಮಾಡದೆ ಕುಣಿಯುತ್ತದೆ. ಉಡುಪು ಬಾಡಿಗೆಯದು, ಸ್ವರ ಬೇರೆಯವರದು. ಇಲ್ಲಿ ಆಕ್ಷೇಪವಿರುವುದು ಸಿನಿಮಾ ಹಾಡಿನ ಬಗ್ಗೆ ಅಲ್ಲ. ಜನಪ್ರಿಯ ಮಟ್ಟುಗಳನ್ನು ಕಂಪನಿ ನಾಟಕಗಳೂ ಧಾರಾಳವಾಗಿ ಬಳಸಿಕೊಂಡಿವೆ. ಪ್ರಶ್ನೆ ಇರುವುದು ಯಾರ ದನಿ ಕೇಳಿಸುತ್ತಿದೆ ಎಂಬುದರಲ್ಲಿ. ಧ್ವನಿಮುದ್ರಿತ ಹಾಡು ಮಗುವಿಗಾಗಿ ಕಾಯುವುದಿಲ್ಲ. ಸಾಲು ಮರೆತ ಮಗುವಿನ ನೆರವಿಗೆ ಭಾಗವತ ಬರಬಲ್ಲ, ಪಲ್ಲವಿಯನ್ನು ಇನ್ನೊಮ್ಮೆ ಎತ್ತಿಕೊಳ್ಳಬಲ್ಲ. ಯಂತ್ರಕ್ಕೆ ಅದು ಸಾಧ್ಯವಿಲ್ಲ.

ಬರೆಯುವಾಗಲೇ ಒಳಗೊಂಡ ಮಿತಿ

ಶಾಲೆಗಾಗಿ ಬರೆದ ಒಳ್ಳೆಯ ಗೀತನಾಟಕಗಳು ಮಿತಿಯನ್ನು ಅಡ್ಡಿಯೆಂದು ಭಾವಿಸದೆ ರಚನೆಯ ಒಳಕ್ಕೇ ತೆಗೆದುಕೊಂಡಿವೆ. ರವೀಂದ್ರನಾಥ ಠಾಕೂರರ 'ಶಾರದೋತ್ಸವ' (1908) ಶಾಂತಿನಿಕೇತನದ ಶಾಲೆಯ ಹುಡುಗರಿಗಾಗಿ ಹುಟ್ಟಿದ ನಾಟಕ. ಅಲ್ಲಿ ಲಭ್ಯರಿದ್ದವರು ಹುಡುಗರು ಮತ್ತು ಅಧ್ಯಾಪಕರು. ಆದುದರಿಂದ ನಾಟಕದಲ್ಲಿ ಸ್ತ್ರೀಪಾತ್ರಗಳಿಲ್ಲ; ಹಿರಿಯರಾಡಬಹುದಾದ ಕೆಲವು ಪಾತ್ರಗಳಿವೆ; ಉಳಿದಂತೆ ಹಾಡುತ್ತ ಓಡಾಡುವ ಹುಡುಗರ ಗುಂಪೇ ಒಂದು ಪಾತ್ರ. ಇದಕ್ಕೆ ಕೆಲವೇ ವರ್ಷಗಳ ಹಿಂದೆ, 1902ರಲ್ಲಿ, ರಂಗಮಂಚವನ್ನು ಕುರಿತು ಬರೆದ ಪ್ರಬಂಧದಲ್ಲಿ ಠಾಕೂರರು ಬರೆದ ಪರದೆಗಳ ಭಾರವನ್ನು ಪ್ರಶ್ನಿಸಿದ್ದರು. ಪ್ರೇಕ್ಷಕನ ಕಲ್ಪನೆಗೆ ಕೆಲಸವಿಲ್ಲದಂತೆ ಮಾಡುವ ರಂಗಸಜ್ಜಿಕೆ ಅವರಿಗೆ ಬೇಡವಾಗಿತ್ತು. ಶಾಲೆಯ ನಾಟಕ ಆ ಚಿಂತನೆಗೆ ಸಿಕ್ಕ ಪ್ರಯೋಗಭೂಮಿಯಾಯಿತು.

ಪಶ್ಚಿಮದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಇಂಗ್ಲೆಂಡಿನ ಸಂಗೀತಕಾರ ಬೆಂಜಮಿನ್ ಬ್ರಿಟನ್ನನದು. ಮಕ್ಕಳಿಗಾಗಿ ರಚಿಸಿದ 'ದಿ ಲಿಟಲ್ ಸ್ವೀಪ್' (1949) ಎಂಬ ಕಿರು ಗೀತನಾಟಕದಲ್ಲಿ ಪಾತ್ರಗಳು ಕೆಲವೇ; ದೊಡ್ಡ ವೃಂದಗಾನ ಬೇಕಾದ ಕಡೆ ಹಾಡುವವರು ಪ್ರೇಕ್ಷಕರೇ. ಸಫೋಕ್ ಪ್ರಾಂತದ ಆರ್ಫರ್ಡ್ ಚರ್ಚಿನಲ್ಲಿ ಮೊದಲು ಪ್ರದರ್ಶನಗೊಂಡ 'ನೋಯ್ಸ್ ಫ್ಲಡ್' (1958) ಕೃತಿಯಲ್ಲಿ ಪ್ರಳಯದ ಮೊದಲ ಮಳೆಹನಿಗಳ ಸದ್ದನ್ನು ಸಾಲಾಗಿ ತೂಗುಬಿಟ್ಟ ಚಹಾ ಬಟ್ಟಲುಗಳನ್ನು ಬಡಿದು ಹೊರಡಿಸುವಂತೆ ಆತ ಬರೆದ. ಬಟ್ಟಲು ಅಲ್ಲಿ ವಾದ್ಯವಿಲ್ಲದ್ದರಿಂದ ಬಳಸಿದ ಬದಲಿ ಸಾಮಗ್ರಿಯಲ್ಲ. ಕೃತಿಯ ಸ್ವರಲಿಪಿಯಲ್ಲೇ ಅದಕ್ಕೆ ಸ್ಥಾನವಿದೆ. ಬಿಸಿಯೂಟದ ತಟ್ಟೆ ಲೋಟಗಳಿರುವ ಕರ್ನಾಟಕದ ಯಾವ ಸರ್ಕಾರಿ ಶಾಲೆಗೂ ಈ ಮಳೆ ದೂರದ್ದಲ್ಲ.

ಕನ್ನಡದಲ್ಲಿ ಈ ಎಚ್ಚರಕ್ಕೆ ದೊಡ್ಡ ಹೆಸರು ಬಿ.ವಿ. ಕಾರಂತರದು (1929–2002). ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿ ಅದರ ವೈಭವವನ್ನು ಒಳಗಿನಿಂದ ಕಂಡಿದ್ದ ಕಾರಂತರು, ಬನಾರಸಿನಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತು ಬಂದವರು. ಅಂಥವರು ರಂಗಸಂಗೀತಕ್ಕೆ ಕಲ್ಲು, ಕೋಲು, ಕಾಗದಗಳಂಥ ವಾದ್ಯವಲ್ಲದ ವಸ್ತುಗಳ ಸದ್ದನ್ನೂ ದುಡಿಸಿಕೊಂಡರು. ಸಂಗೀತದ ಅರಿವು ಕಡಿಮೆಯಾದಾಗ ಮಾಡಿಕೊಂಡ ಸರಳೀಕರಣವಲ್ಲ ಅದು, ಅರಿವು ಹೆಚ್ಚಾದಾಗ ಬಂದ ಸರಳತೆ.

ಗೀತನಾಟಕ ಕನ್ನಡ ಸಾಹಿತ್ಯದ ಅಂಚಿನ ಪ್ರಕಾರವಾಗಿರಲಿಲ್ಲ ಎಂಬುದನ್ನೂ ನೆನಪಿಸಿಕೊಳ್ಳಬೇಕಾಗಿದೆ. ಶಿವರಾಮ ಕಾರಂತರು 'ಕಿಸಾಗೋತಮಿ', 'ಮುಕ್ತದ್ವಾರ'ದಂಥ ಗೀತನಾಟಕಗಳನ್ನು ಬರೆದರು. ಪು.ತಿ. ನರಸಿಂಹಾಚಾರ್ಯರ 'ಗೋಕುಲ ನಿರ್ಗಮನ' ಕಾವ್ಯ ಮತ್ತು ಗೇಯತೆಗಳ ಕೂಡುನೆಲೆ. ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ (1966) ಬಂದದ್ದು 'ಹಂಸದಮಯಂತಿ ಮತ್ತು ಇತರ ರೂಪಕಗಳು' ಎಂಬ ಗೀತರೂಪಕಗಳ ಸಂಕಲನಕ್ಕೆ. ಮಕ್ಕಳಿಗಾಗಿ ಬರೆಯುವುದನ್ನು ಹಿರಿಯ ಲೇಖಕರು ಕಿರಿಯ ಕೆಲಸವೆಂದು ಎಣಿಸಿದವರಲ್ಲ. ಕುವೆಂಪು 'ಮೋಡಣ್ಣನ ತಮ್ಮ', 'ನನ್ನ ಗೋಪಾಲ' ನಾಟಕಗಳನ್ನು ಬರೆದರು. ಮುಂದೆ ಚಂದ್ರಶೇಖರ ಕಂಬಾರ, ಎಚ್.ಎಸ್. ವೆಂಕಟೇಶಮೂರ್ತಿ, ವೈದೇಹಿ ಮೊದಲಾದವರು ಈ ಪ್ರಕಾರವನ್ನು ಬೆಳೆಸಿದರು. ಶೇಕ್ಸ್‌ಪಿಯರನ 'ಟೆಂಪೆಸ್ಟ್' ವೈದೇಹಿಯವರಲ್ಲಿ 'ಧಾಂ ಧೂಂ ಸುಂಟರಗಾಳಿ'ಯಾಗಿ ಬಂದದ್ದು ಕೇವಲ ಅನುವಾದದ ಸಂಗತಿಯಲ್ಲ; ಶೀರ್ಷಿಕೆಯೇ ಮಗುವಿನ ಬಾಯಲ್ಲಿ ಸದ್ದಾಗುವಂತೆ ಇದೆ.

ಪಾತ್ರಹಂಚಿಕೆ ಎಂಬ ವಿಮರ್ಶೆ

ಕಡಿಮೆ ಮಕ್ಕಳಿರುವಲ್ಲಿ ಒಬ್ಬರೇ ಎರಡು ಮೂರು ಪಾತ್ರ ವಹಿಸಬೇಕಾಗುತ್ತದೆ. ಇದನ್ನು ಅನಿವಾರ್ಯ ಹೊಂದಾಣಿಕೆಯೆಂದು ನೋಡುವುದು ರೂಢಿ. ಆದರೆ ಯಾರು ಯಾವ ಎರಡು ಪಾತ್ರಗಳನ್ನು ವಹಿಸಬೇಕು ಎಂಬ ತೀರ್ಮಾನ ವಾಸ್ತವವಾಗಿ ಪಠ್ಯದ ಓದು. ಹಲವು ಸಲ ಮುದ್ರಿತ ವಿಮರ್ಶೆಗಿಂತ ಹರಿತವಾದ ಓದು.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನೇ ತೆಗೆದುಕೊಳ್ಳಬಹುದು. ರಾಬರ್ಟ್ ಬ್ರೌನಿಂಗನ 1842ರ ಕವನ ಇದರ ಮೂಲ. ಜರ್ಮನಿಯ ಹ್ಯಾಮೆಲಿನ್ ಪಟ್ಟಣ ಇಲ್ಲಿ ಮಲೆನಾಡಿನ ಹಳ್ಳಿಯಾಗಿದೆ, ನಗರಾಧ್ಯಕ್ಷ ಗೌಡನಾಗಿದ್ದಾನೆ, ಕೊಳಲೂದುವವನು ಕಿಂದರಿ ಹಿಡಿದ ಜೋಗಿಯಾಗಿದ್ದಾನೆ. ಕಥನಕವನವಾದರೂ ಅದರ ಲಯದ ಬಲದಿಂದಾಗಿ ಶಾಲೆಗಳು ಅದನ್ನು ರೂಪಕವಾಗಿ ಆಡುತ್ತ ಬಂದಿವೆ. ಹನ್ನೆರಡೇ ಮಕ್ಕಳಿರುವ ಒಂದು ಕಿರಿಯ ಪ್ರಾಥಮಿಕ ಶಾಲೆ ಇದನ್ನು ಆಡಬೇಕೆಂದು ಊಹಿಸಿಕೊಳ್ಳಬಹುದು. ಜೋಗಿಗೆ ಒಬ್ಬರು, ಗೌಡನಿಗೆ ಒಬ್ಬರು, ಶ್ರುತಿ ಮತ್ತು ತಾಳಕ್ಕೆ ಇಬ್ಬರು. ಉಳಿದ ಎಂಟು ಮಂದಿ ಮೇಳ. ಇಲಿಗಳೂ ಅವರೇ, ಊರವರೂ ಅವರೇ, ಕೊನೆಯಲ್ಲಿ ಜೋಗಿಯ ಹಿಂದೆ ಹೋಗುವ ಮಕ್ಕಳೂ ಅವರೇ. ವೇಷಕ್ಕೆ ಎಂಟು ಟವೆಲುಗಳು ಸಾಕು: ಸೊಂಟಕ್ಕೆ ಸಿಕ್ಕಿಸಿ ಹಿಂದೆ ಇಳಿಬಿಟ್ಟರೆ ಬಾಲ, ತಲೆಗೆ ಸುತ್ತಿದರೆ ಮುಂಡಾಸು, ಹೆಗಲಿಗೆ ಜೋತುಬಿಟ್ಟರೆ ಶಾಲೆಯ ಚೀಲ.

ಈ ಏರ್ಪಾಟಿನಲ್ಲಿ ಹಣ ಉಳಿಯುತ್ತದೆ ಎಂಬುದು ಚಿಕ್ಕ ಸಂಗತಿ. ದೊಡ್ಡ ಸಂಗತಿಯೆಂದರೆ ಕಥೆಯ ನೈತಿಕ ಸಮತೋಲ ಕಣ್ಣಿಗೆ ಕಾಣುವಂತಾಗುತ್ತದೆ. ಇಲಿಗಳು ನದಿಗೆ ಹೋದಾಗ ಊರು ಸಂಭ್ರಮಿಸಿತು. ಮಾತಿಗೆ ತಪ್ಪಿದ ಊರಿನ ಮುಂದೆ ಎರಡನೆಯ ಸಲ ಅದೇ ಮುಖಗಳು, ಅದೇ ನಡಿಗೆಯಲ್ಲಿ, ಅದೇ ಕಿಂದರಿಯ ಹಿಂದೆ ಹೊರಡುತ್ತವೆ. ಮೊದಲ ಸಲ ನಕ್ಕ ಪ್ರೇಕ್ಷಕ ಎರಡನೆಯ ಸಲ ನಗಲಾರ. ಬ್ರೌನಿಂಗನ ಮೂಲದಲ್ಲಿ ಒಂದು ಇಲಿ ಈಜಿ ಪಾರಾಗಿ ತನ್ನವರಿಗೆ ಕಥೆ ಹೇಳುತ್ತದೆ. ಕೊನೆಯಲ್ಲಿ ಕುಂಟ ಹುಡುಗನೊಬ್ಬ ಹಿಂದೆ ಉಳಿದು ಕಥೆ ಹೇಳುತ್ತಾನೆ. ಆ ಎರಡು ಪಾತ್ರಗಳನ್ನು ಒಂದೇ ಮಗುವಿಗೆ ಕೊಟ್ಟರೆ, ಕವನ ಮೌನವಾಗಿ ಇಟ್ಟಿರುವ ಸಾದೃಶ್ಯವನ್ನು ರಂಗ ಮಾತಾಡಿಸಿದಂತಾಗುತ್ತದೆ. ನಲವತ್ತು ಮಕ್ಕಳಿಗೆ ಬಾಡಿಗೆಯ ಇಲಿವೇಷ ಹಾಕಿಸಿ, ಬೇರೆ ನಲವತ್ತು ಮಕ್ಕಳನ್ನು ಕೊನೆಯ ದೃಶ್ಯಕ್ಕೆ ನಿಲ್ಲಿಸಬಲ್ಲ ಶಾಲೆಗೆ ಈ ಅರ್ಥ ಸುಲಭವಾಗಿ ದಕ್ಕುವುದಿಲ್ಲ.

ಬಿ.ವಿ. ಕಾರಂತರ 'ಪಂಜರ ಶಾಲೆ' ಇನ್ನೊಂದು ಉದಾಹರಣೆ. ಠಾಕೂರರ 'ತೋತಾಕಾಹಿನಿ' ಕಥೆ ಇದರ ಆಧಾರ. ಹಾಡುತ್ತ ಹಾರಾಡುತ್ತಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನ ಆಜ್ಞೆಯಾಗುತ್ತದೆ. ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ಬರುತ್ತಾರೆ, ಗ್ರಂಥಗಳ ರಾಶಿ ಬೀಳುತ್ತದೆ. ಎಲ್ಲರಿಗೂ ಸಂಭಾವನೆ ಸಿಗುತ್ತದೆ, ಗಿಳಿ ಮಾತ್ರ ಸಾಯುತ್ತದೆ. ಮೇಳದ ಮಕ್ಕಳು ಕೈಕೈ ಹಿಡಿದು ನಿಂತೇ ಪಂಜರವಾದರೆ ರಂಗಸಜ್ಜಿಕೆಯ ಖರ್ಚಿಲ್ಲ. ಅಕ್ಕಸಾಲಿಗ, ಪಂಡಿತ, ಕಾವಲುಗಾರ ಎಲ್ಲರೂ ಆ ಪಂಜರದ ಒಂದೊಂದು ಸರಳಾಗಿ ಹೊರಬಂದು ತಮ್ಮ ಮಾತಾಡಿ ಮತ್ತೆ ಸರಳಾಗುತ್ತಾರೆ. ಪಂಜರ ಮನುಷ್ಯರಿಂದಲೇ ಆದದ್ದು ಎಂಬ ಕಥೆಯ ಇಂಗಿತ ಇದಕ್ಕಿಂತ ನೇರವಾಗಿ ತಲುಪಲಾರದು. ವಾರ್ಷಿಕೋತ್ಸವಗಳ ಖರ್ಚಿನ ಪಟ್ಟಿಗೂ ಈ ನಾಟಕಕ್ಕೂ ಇರುವ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಮಿಯಾನ, ಬೆಳಕು, ಬಾಡಿಗೆ ಉಡುಪು ಎಲ್ಲಕ್ಕೂ ಸಂದಾಯವಾಗುತ್ತದೆ. ಗಿಳಿಗೆ ಹಾಡಲು ಕಲಿಸುವ ಸಮಯಕ್ಕೆ ಮಾತ್ರ ಪಟ್ಟಿಯಲ್ಲಿ ಜಾಗವಿರುವುದಿಲ್ಲ.

ಹಿಮ್ಮೇಳ ಮತ್ತು ಮಗುವಿನ ಶ್ರುತಿ

ಮೇಳದ ವ್ಯಾಕರಣದ ಮೊದಲ ಸೂತ್ರ, ಹಿಮ್ಮೇಳ ಮುಮ್ಮೇಳಗಳ ನಡುವೆ ಗೋಡೆ ಇರಬಾರದು ಎಂಬುದು. ಚಿಕ್ಕ ಶಾಲೆಯಲ್ಲಿ ಹಾಡುವ ಗುಂಪು ತೆರೆಯ ಮರೆಯಲ್ಲಿ ಕೂರಲಾಗದು. ಪ್ರೇಕ್ಷಕರ ಎದುರಿಗೇ ಅರ್ಧವೃತ್ತದಲ್ಲಿ ಕುಳಿತು, ಅಲ್ಲಿಂದಲೇ ಎದ್ದು ಪಾತ್ರವಾಗಿ, ಮತ್ತೆ ಬಂದು ಹಾಡಿಗೆ ಸೇರಿಕೊಳ್ಳಬೇಕು. ಹೀಗಾದಾಗ ಯಾವ ಮಗುವೂ ತನ್ನ ಒಂದು ಮಾತಿಗಾಗಿ ಗಂಟೆಗಟ್ಟಲೆ ಮರೆಯಲ್ಲಿ ಕಾಯುವುದಿಲ್ಲ. ನಾಟಕದ ಉದ್ದಕ್ಕೂ ಅದು ನಾಟಕದೊಳಗೇ ಇರುತ್ತದೆ. ಒಂದು ಮಗು ಆ ದಿನ ಜ್ವರ ಬಂದು ಗೈರಾದರೂ ಇಡೀ ನಾಟಕವನ್ನು ಹಾಡುತ್ತ ಕೇಳುತ್ತ ಬಂದ ಇನ್ನೊಂದು ಮಗು ಆ ಜಾಗಕ್ಕೆ ಬರಬಲ್ಲುದು. ತರಗತಿಗೆ ಬರುವ ಮಕ್ಕಳ ಸಂಖ್ಯೆ ಹೊಲದ ಕೆಲಸ, ಜಾತ್ರೆ, ವಲಸೆಗಳಿಗೆ ಅನುಗುಣವಾಗಿ ಏರಿಳಿಯುವ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಎರಡನೆಯದು ಶ್ರುತಿ. ಹಾಡು ಕಲಿಸುವ ಗಂಡಸು ಶಿಕ್ಷಕರು ತಮ್ಮ ಕೊರಳಿಗೆ ಒಗ್ಗುವ ಶ್ರುತಿಯಲ್ಲಿ ಹೇಳಿಕೊಡುವುದು ಸಾಮಾನ್ಯ. ಮಕ್ಕಳ ಕೊರಳಿಗೆ ಅದು ತೀರ ತಗ್ಗು. ಹಿನ್ನೆಲೆ ಸಂಗೀತದ ಧ್ವನಿಮುದ್ರಣವಾದರೆ ಅದು ಯಾವುದೋ ವೃತ್ತಿಪರ ಗಾಯಕನ ಶ್ರುತಿಗೆ ಕಟ್ಟಿದ್ದು. ಮಗುವಿಗೆ ಹಾಡು ಬರುವುದಿಲ್ಲ ಎಂಬ ತೀರ್ಪು ಬಹಳ ಸಲ ಶ್ರುತಿ ತಪ್ಪಾಗಿ ಆಯ್ಕೆಯಾದುದರ ಫಲ. ಹತ್ತು ಹನ್ನೆರಡು ಕೊರಳುಗಳು ಮಾತ್ರ ಇರುವಲ್ಲಿ ಮೂರನೆಯ ಅಂಶವೂ ಮುಖ್ಯವಾಗುತ್ತದೆ: ಮಟ್ಟಿನ ವ್ಯಾಪ್ತಿ ಒಂದು ಸ್ಥಾಯಿಯನ್ನು ಮೀರದಿರುವುದು. ಸೋಬಾನೆ, ಕೋಲಾಟದ ಪದಗಳಲ್ಲಿ ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿಯುವ ಕ್ರಮವಿದೆ. ಈ ಕ್ರಮದಲ್ಲಿ ಧೈರ್ಯದ ಕೊರಳು ಮುಂದೆ ಹೋಗುತ್ತದೆ, ಅಂಜುವ ಕೊರಳು ಗುಂಪಿನೊಳಗಿದ್ದು ಕಲಿಯುತ್ತದೆ. ಪಠ್ಯಪುಸ್ತಕದಲ್ಲಿ ಜನಪದ ಗೀತೆಯ 'ಆಶಯ'ವನ್ನು ಪ್ರಶ್ನೋತ್ತರಕ್ಕೆ ಇಳಿಸುವ ತರಗತಿ, ಅದರ ಸೊಲ್ಲನ್ನು ಹಿಡಿಯುವುದನ್ನು ಕಲಿಸಿದ್ದರೆ ಗೀತನಾಟಕಕ್ಕೆ ಬೇಕಾದ ಅರ್ಧ ತಯಾರಿ ಅಲ್ಲೇ ಆಗಿಬಿಡುತ್ತಿತ್ತು.

ಬಡತನದ ವೈಭವೀಕರಣವಲ್ಲ

ಈ ವಾದಕ್ಕೆ ಬರಬಹುದಾದ ಗಂಭೀರ ಆಕ್ಷೇಪವನ್ನು ಎದುರಿಸಬೇಕು. ಎಂಟು ಟವೆಲುಗಳಲ್ಲಿ ನಾಟಕವಾಡಬಹುದು ಎಂದರೆ, ಸರ್ಕಾರಿ ಶಾಲೆಗೆ ಟವೆಲು ಮಾತ್ರ ಸಾಕು ಎಂದಂತಾಗುವುದಿಲ್ಲವೇ? ಹಣವುಳ್ಳವರ ಮಕ್ಕಳಿಗೆ ಸಭಾಂಗಣ, ಬಡವರ ಮಕ್ಕಳಿಗೆ ಸೌಂದರ್ಯಶಾಸ್ತ್ರ ಎಂಬ ಹಂಚಿಕೆಯನ್ನು ಇದು ಸಮರ್ಥಿಸುವುದಿಲ್ಲವೇ?

ಪ್ರಶ್ನೆ ನ್ಯಾಯವಾದುದು. ಇಂಥ ಚರ್ಚೆಗಳಲ್ಲಿ ಪೋಲೆಂಡಿನ ಯೆರ್ಜಿ ಗ್ರೊಟೊವ್ಸ್ಕಿಯ 'ಬಡ ರಂಗಭೂಮಿ'ಯನ್ನು ಉಲ್ಲೇಖಿಸುವುದು ವಾಡಿಕೆ. ಆದರೆ ಗ್ರೊಟೊವ್ಸ್ಕಿಯದು ಸಾರ್ವಜನಿಕ ಅನುದಾನ ಪಡೆದ, ದೀರ್ಘ ತಾಲೀಮಿಗೆ ಅವಕಾಶವಿದ್ದ ನಟರ ತಂಡ. ಅಲ್ಲಿನ ಬಡತನ ಆಯ್ದುಕೊಂಡದ್ದು. ಒಬ್ಬರೋ ಇಬ್ಬರೋ ಶಿಕ್ಷಕರು ಐದು ತರಗತಿಗಳನ್ನು ನಡೆಸುವ ಶಾಲೆಯ ಬಡತನ ಹೇರಿದ್ದು. ಎರಡನ್ನೂ ಒಂದೇ ಪದದಿಂದ ಕರೆಯುವುದು ವೈಚಾರಿಕ ಅಪ್ರಾಮಾಣಿಕತೆಯಾಗುತ್ತದೆ. ಆದುದರಿಂದ ಇಲ್ಲಿ ಹೇಳುತ್ತಿರುವುದು ಹಣ ಬೇಡ ಎಂದಲ್ಲ. ಹಣ ಎಲ್ಲಿಗೆ ಬೇಕು ಎಂದು. ಒಂದು ಸುಸ್ಥಿತಿಯ ಹಾರ್ಮೋನಿಯಂ, ಒಂದು ಜೊತೆ ತಬಲ ಅಥವಾ ಒಂದು ಡೋಲಕ್, ಹಲವು ಶಾಲೆಗಳಿಗೆ ಸೇರಿ ಒಬ್ಬ ರಂಗಶಿಕ್ಷಕ, ತಾಲೀಮಿಗೆ ವೇಳಾಪಟ್ಟಿಯಲ್ಲೇ ಮೀಸಲಾದ ಅವಧಿ: ಇವು ಒಮ್ಮೆ ಬಂದರೆ ವರ್ಷಗಟ್ಟಲೆ ಉಳಿಯುವ ಸಂಪತ್ತು. ಬಾಡಿಗೆಯ ಉಡುಪು ಮಾರನೆಯ ಬೆಳಿಗ್ಗೆ ಹಿಂದಿರುಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಅಂಗವಾಗಿ ಕಲೆ, ಸಂಗೀತ, ನೃತ್ಯ ಮತ್ತು ರಂಗಭೂಮಿಯನ್ನು ಕುರಿತು ಸಿದ್ಧವಾದ ಪತ್ರವು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿತ್ತು. ಆ ಶಿಫಾರಸಿಗೆ ಅರ್ಥ ಬರಬೇಕಾದರೆ ಕೇಳಬೇಕಾದದ್ದು ವಾರ್ಷಿಕೋತ್ಸವದ ಅನುದಾನವನ್ನಲ್ಲ, ಶಿಕ್ಷಕರನ್ನು ಮತ್ತು ಸಮಯವನ್ನು.

ಇನ್ನೊಂದು ಆಕ್ಷೇಪ ಪೋಷಕರ ಕಡೆಯಿಂದ ಬರುವಂಥದು. ತಮ್ಮ ಮಗು ಹೊಳೆಯುವ ಉಡುಪಿನಲ್ಲಿ ಕಾಣಬೇಕು, ಚಿತ್ರ ತೆಗೆಯಬೇಕು ಎಂಬ ಆಸೆಯನ್ನು ಕೀಳೆಂದು ತಳ್ಳಿಹಾಕುವುದು ಸರಿಯಲ್ಲ. ಹೊಸ ಬಟ್ಟೆಯ ಸಂಭ್ರಮ ವರ್ಷಕ್ಕೊಮ್ಮೆ ಬರುವ ಮನೆಗಳಲ್ಲಿ ಅದು ಸಹಜವಾದುದು. ಆದರೆ ಮಗು ಕಾಣುವುದರ ಜೊತೆಗೆ ಕೇಳಿಸುವುದೂ ಪೋಷಕರಿಗೆ ಹೆಮ್ಮೆಯ ಸಂಗತಿಯೇ. ದೂರದ ಗಾಯಕಿಯ ದನಿಗೆ ಕುಣಿಯುವ ಮೂವತ್ತು ಮಕ್ಕಳ ಸಾಲಿನಲ್ಲಿ ತಮ್ಮ ಮಗುವನ್ನು ಹುಡುಕುವ ತಾಯಿಗೆ, ಹನ್ನೆರಡು ಮಕ್ಕಳ ಮೇಳದಲ್ಲಿ ತನ್ನ ಮಗಳ ಕೊರಳನ್ನು ಗುರುತಿಸುವ ಅವಕಾಶ ಸಿಕ್ಕರೆ ಅವಳು ಅದನ್ನು ನಿರಾಕರಿಸಲಾರಳು.

ಕನ್ನಡ ವಿಭಾಗಗಳು ಮಾಡಬೇಕಾದದ್ದು

ಇಷ್ಟೂ ಶಾಲೆಯ ಮಾತಾಯಿತು. ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳ ಹೊಣೆ ಎಲ್ಲಿ ಬರುತ್ತದೆ? ಮಕ್ಕಳ ನಾಟಕಗಳನ್ನು ಕುರಿತ ಸಂಶೋಧನೆ ಸಾಮಾನ್ಯವಾಗಿ ವಸ್ತು, ಪಾತ್ರ, ಭಾಷೆ, ಮೌಲ್ಯ ಎಂಬ ನಾಲ್ಕು ಕಂಬಗಳ ಮೇಲೆ ನಿಲ್ಲುತ್ತದೆ. ಹಾಡುಗಳು ಬಂದಾಗ ಅವು 'ಗೇಯಗುಣದಿಂದ ಕೂಡಿವೆ' ಎಂಬ ಒಂದು ವಾಕ್ಯ ಬರುತ್ತದೆ. ಯಾವ ಮಟ್ಟು, ಯಾವ ತಾಳ, ಯಾರು ಕಟ್ಟಿದ್ದು, ಎಲ್ಲಿ ಬದಲಾಯಿತು ಎಂಬುದರ ದಾಖಲೆ ಇರುವುದಿಲ್ಲ. ಅಚ್ಚಾದ ನಾಟಕಪುಸ್ತಕಗಳೂ ಬಹುಮಟ್ಟಿಗೆ ಹಾಡಿನ ಸಾಹಿತ್ಯವನ್ನಷ್ಟೇ ಕೊಡುತ್ತವೆ. ಪುಸ್ತಕ ಕೊಂಡ ಹಳ್ಳಿಯ ಶಿಕ್ಷಕಿಯ ಕೈಗೆ ಸಿಗುವುದು ಹಾಡಲ್ಲ, ಹಾಡಿನ ಪದಗಳು. ಅವಳು ಸಿನಿಮಾ ಮಟ್ಟಿಗೆ ಹೊಂದಿಸಿದರೆ ಅಥವಾ ಹಾಡುಗಳನ್ನೇ ಕೈಬಿಟ್ಟರೆ ಅದನ್ನು ಅಭಿರುಚಿಯ ಕುಸಿತವೆಂದು ಹಳಿಯುವುದು ಯಾವ ನ್ಯಾಯ?

ವಿಚಿತ್ರವೆಂದರೆ ಈ ಬಗೆಯ ಕೆಲಸಕ್ಕೆ ಬೇಕಾದ ಶಿಸ್ತು ಕನ್ನಡ ವಿಭಾಗಗಳಿಗೆ ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪಠ್ಯವಾಗಿ ಓದಿದ, ಒಂದು ಅಕ್ಷರದ ಪಾಠಾಂತರಕ್ಕಾಗಿ ಹಲವು ಓಲೆಪ್ರತಿಗಳನ್ನು ಹೋಲಿಸಿದ ಪರಂಪರೆ ಇದು. ಒಂದೇ ನಾಟಕದ ಹಾಡು ಒಂದೂರಿನಲ್ಲಿ ಒಂದು ಮಟ್ಟಿನಲ್ಲಿ, ಇನ್ನೊಂದೂರಿನಲ್ಲಿ ಇನ್ನೊಂದು ಮಟ್ಟಿನಲ್ಲಿ ಉಳಿದಿದ್ದರೆ ಅದೂ ಪಾಠಾಂತರವೇ. ವ್ಯತ್ಯಾಸವಿಷ್ಟೆ: ಓಲೆಪ್ರತಿ ಭಂಡಾರದಲ್ಲಿ ಕಾಯುತ್ತದೆ, ಕೊರಳು ಕಾಯುವುದಿಲ್ಲ. ಬಿ.ವಿ. ಕಾರಂತರೊಡನೆ ಹಾಡಿದವರು, ಅವರ ಮತ್ತು ಪ್ರೇಮಾ ಕಾರಂತರ ಮಕ್ಕಳ ರಂಗಭೂಮಿಯಲ್ಲಿ ಬಾಲಕಲಾವಿದರಾಗಿದ್ದವರು, ಮಳೆಗಾಲದ ರಜೆಯಲ್ಲೋ ಬೇಸಗೆಯ ಶಿಬಿರದಲ್ಲೋ ಈ ಮಟ್ಟುಗಳನ್ನು ಕಲಿತು ತಮ್ಮ ಶಾಲೆಗಳಿಗೆ ಒಯ್ದ ಶಿಕ್ಷಕರು ಇವರೆಲ್ಲರ ನೆನಪೇ ಇಂದು ಮುಖ್ಯ ಆಕರ. ಆ ತಲೆಮಾರು ವೃದ್ಧಾಪ್ಯದಲ್ಲಿದೆ.

ಮಾಡಬಹುದಾದ ಕೆಲಸಗಳು ದೊಡ್ಡ ಯೋಜನೆಗಳನ್ನು ಬೇಡುವಂಥವಲ್ಲ. ಮೊದಲನೆಯದಾಗಿ, ಆಯ್ದ ಹತ್ತು ಮಕ್ಕಳ ಗೀತನಾಟಕಗಳ ಪ್ರಯೋಗ ಆವೃತ್ತಿಯನ್ನು ಸಿದ್ಧಪಡಿಸಬೇಕು. ಪ್ರತಿ ಹಾಡಿಗೆ ಸರಳ ಸ್ವರಲಿಪಿ, ಮಕ್ಕಳ ಶ್ರುತಿಯಲ್ಲಿ ಹಾಡಿದ ಧ್ವನಿಮುದ್ರಣ, ಎಂಟು, ಹನ್ನೆರಡು ಮತ್ತು ಇಪ್ಪತ್ತು ಮಕ್ಕಳಿಗೆ ಹೊಂದುವ ಮೂರು ಬಗೆಯ ಪಾತ್ರಹಂಚಿಕೆಯ ಪಟ್ಟಿ, ಬೇಕಾಗುವ ವಸ್ತುಗಳ ವಿವರ ಅದರಲ್ಲಿರಬೇಕು. ಧ್ವನಿಮುದ್ರಣಕ್ಕೆ ಈಗ ಸ್ಟುಡಿಯೊ ಬೇಕಾಗಿಲ್ಲ. ಕೈಯಲ್ಲಿರುವ ಫೋನು ಸಾಕು. ಎರಡನೆಯದಾಗಿ, ಸ್ನಾತಕೋತ್ತರ ತರಗತಿಯಲ್ಲಿ ನಾಟಕ ಸಾಹಿತ್ಯದ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳು ಹತ್ತಿರದ ಒಂದು ಚಿಕ್ಕ ಶಾಲೆಯೊಂದಿಗೆ ಒಂದು ಕಿರುನಾಟಕ ಕಟ್ಟುವುದು ಆಂತರಿಕ ಮೌಲ್ಯಮಾಪನದ ಭಾಗವಾಗಬೇಕು. ಅವರಲ್ಲಿ ಹಲವರು ಮುಂದೆ ಶಿಕ್ಷಕರಾಗುವವರೇ. ಮೂರನೆಯದಾಗಿ, ಮಕ್ಕಳ ನಾಟಕ ಕುರಿತ ಸಂಶೋಧನೆಗಳಲ್ಲಿ ಪ್ರದರ್ಶನದ ದಾಖಲೆಯನ್ನು ಅನುಬಂಧವಾಗಿ ಅಲ್ಲ, ಆಕರವಾಗಿ ಒಪ್ಪಬೇಕು.

ಹಕ್ಕುಸ್ವಾಮ್ಯದ ಬಗ್ಗೆ ಶಿಕ್ಷಕರಲ್ಲಿರುವ ಅಳುಕನ್ನೂ ಇದೇ ಸಂದರ್ಭದಲ್ಲಿ ನಿವಾರಿಸಬಹುದು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನ ಪ್ರಕಾರ, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅಲ್ಲಿನ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಒಂದು ನಾಟಕವನ್ನೋ ಸಂಗೀತಕೃತಿಯನ್ನೋ ಪ್ರದರ್ಶಿಸಿದರೆ, ಪ್ರೇಕ್ಷಕರು ಆ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಿಗೆ ಸೀಮಿತವಾಗಿರುವವರೆಗೆ, ಅದು ಹಕ್ಕಿನ ಉಲ್ಲಂಘನೆಯಾಗುವುದಿಲ್ಲ. ಊರಿನ ಎಲ್ಲರಿಗೂ ತೆರೆದ ಪ್ರದರ್ಶನಕ್ಕೆ ಅಥವಾ ಟ್ಯಾಬ್ಲೋ, ಉತ್ಸವಗಳಿಗೆ ಒಯ್ಯುವಾಗ ಲೇಖಕರ ಅನುಮತಿ ಪಡೆಯುವುದು ಕ್ರಮ. ಮೇಲೆ ಸೂಚಿಸಿದ ಪ್ರಯೋಗ ಆವೃತ್ತಿಗೂ ಲೇಖಕರ ಮತ್ತು ಸಂಗೀತ ಸಂಯೋಜಕರ ಒಪ್ಪಿಗೆ ಅಗತ್ಯ. ಅದನ್ನು ಒಬ್ಬೊಬ್ಬ ಶಿಕ್ಷಕರು ಪಡೆಯಲಾರರು; ಒಂದು ವಿಭಾಗ ಪಡೆಯಬಲ್ಲುದು.

ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕನ್ನಡ ಶಾಲೆಗಳ ಬಗ್ಗೆ ಕನ್ನಡ ವಿಭಾಗಗಳಲ್ಲಿ ಆತಂಕದ ಮಾತುಗಳು ಬಹಳ ಕೇಳಿಬರುತ್ತವೆ. ನಿರ್ಣಯಗಳು ಆಗುತ್ತವೆ, ಮನವಿಗಳು ಹೋಗುತ್ತವೆ. ಅವು ಬೇಕಾದವೇ. ಆದರೆ ಆ ಶಾಲೆಗಳಲ್ಲಿ ಇನ್ನೂ ಉಳಿದಿರುವ ಹನ್ನೆರಡು ಮಕ್ಕಳಿಗೆ ಕನ್ನಡ ವಿಭಾಗ ತಾನಾಗಿ ಏನು ಕೊಟ್ಟಿದೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಹಾಡಲು ಬರುವಂತೆ ಸಂಪಾದಿಸಿದ ಒಂದು ಗೀತನಾಟಕ ಆ ಉತ್ತರದ ಆರಂಭವಾಗಬಹುದು. ಅಂಥ ಹತ್ತು ನಾಟಕಗಳ ಸಂಪಾದನೆಗೆ ತಗಲುವ ವೆಚ್ಚ, ಎರಡು ದಿನಗಳ ಒಂದು ವಿಚಾರಸಂಕಿರಣಕ್ಕೆ ತಗಲುವುದಕ್ಕಿಂತ ಹೆಚ್ಚಾಗಬೇಕಾಗಿಲ್ಲ.